ಸ್ಲ್ಯಾಬ್ ಒಡೆದು ಆಲ್ಬಮ್‌ಗೆ: ಮಂಡಿಪೇಟೆಯ ಇಕ್ಕಳ, ಚಿಕ್ಕಪೇಟೆಯ ಬೈಂಡರ್ ಮಾಡಿಕೊಟ್ಟ ಆಲ್ಬಮ್

ಮೊದಲೇ ಹೇಳಿಬಿಡುತ್ತೇನೆ. ಇಕ್ಕಳಕ್ಕೆ ಹತ್ತಕ್ಕೆ ಹತ್ತು, ಆಲ್ಬಮ್‌ಗೆ ಹತ್ತಕ್ಕೆ ಎಂಟು. ಗ್ರೇಡ್ ಆದ, ಎಂದರೆ ಕಂಪನಿಯವರು ಪರೀಕ್ಷಿಸಿ ಅಂಕ ಕೊಟ್ಟ ನಾಣ್ಯಗಳನ್ನು ಸ್ಲ್ಯಾಬ್ ಎಂಬ ಪ್ಲಾಸ್ಟಿಕ್ ಡಬ್ಬಿಯಿಂದ ಬಿಡಿಸಿ ಆಲ್ಬಮ್‌ಗೆ ಹಾಕಬೇಕು ಅಂದುಕೊಂಡು, ಕೈ ನಡುಗಿ ಸುಮ್ಮನಾದವರು ತುಂಬಾ ಜನ ಇದ್ದಾರೆ. ನಾನೂ ಒಂದು ವರ್ಷ ಹಾಗೇ ಸುಮ್ಮನಿದ್ದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನ ಎಸ್.ಎಸ್. ಪುರಂನವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ದಿನವೆಲ್ಲಾ ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ನೋಡಿ ಬಂದವರು, ರಾತ್ರಿ ಊಟ ಆದ ಮೇಲೆ ಅದೇ ಲೂಪ್ ಹಾಕಿಕೊಂಡು ಬೆಳ್ಳಿ ರೂಪಾಯಿ ನೋಡುತ್ತಾ ಕೂರುತ್ತಿದ್ದರು. ನಮ್ಮೂರ ಚಿಕ್ಕಪೇಟೆಯ ಬೆಳ್ಳಿ ಅಂಗಡಿಗಳಿಗೆ ಕರಗಿಸಲು ಬಂದ ರೂಪಾಯಿಗಳನ್ನು ತೂಕದ ದರಕ್ಕೇ ಕೊಂಡು ತರುತ್ತಿದ್ದರು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಹೋದರೆ ನಮಗೆ ಬೆಂಡು ಬತ್ತಾಸು ಕೊಡಿಸಿ, ತಾವು ಹಳೇ ಕಾಸು ಹರಡಿಕೊಂಡು ಕೂತವರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು.

ಅವರಿಗೆ ಬೇಕಿದ್ದದ್ದು ಒಂದೇ ಸಾಲು. ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿ, 1911ರಿಂದ 1922ರವರೆಗೆ, ವರ್ಷಕ್ಕೊಂದರಂತೆ 12. ಅಪ್ಪ ಹೋಗುವಾಗ ಎಂಟು ಸಿಕ್ಕಿದ್ದವು. 1911, 1915, 1921, 1922 ಇರಲಿಲ್ಲ. ಆಲ್ಬಮ್‌ನಲ್ಲಿ ಆ ನಾಲ್ಕು ಖಾನೆಗಳಲ್ಲಿ ಇಸವಿ ಬರೆದ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ ಇಟ್ಟಿದ್ದರು.

ಆ ನಾಲ್ಕನ್ನು ನಾನು ಹುಡುಕಿ ಕೊಂಡೆ. ನನಗೆ ಅಪ್ಪನ ಕಣ್ಣಿಲ್ಲ. 1911, 1921, 1922ಕ್ಕೆ ನಕಲಿ ಕಾಟ ಇದೆ. ಅದಕ್ಕೇ ಗ್ರೇಡ್ ಆಗಿ ಸ್ಲ್ಯಾಬ್‌ನಲ್ಲಿರುವುದನ್ನೇ ತೆಗೆದುಕೊಂಡೆ. ಎರಡು ಪಿಸಿಜಿಎಸ್, ಎರಡು ಎನ್‌ಜಿಸಿ. ಗೊತ್ತಿಲ್ಲದವರಿಗೆ ಎರಡು ಮಾತು. ಇವೆರಡೂ ಅಮೆರಿಕದ ಕಂಪನಿಗಳು. ಪಿಸಿಜಿಎಸ್ ಶುರುವಾದದ್ದು 1986ರಲ್ಲಿ, ಎನ್‌ಜಿಸಿ 1987ರಲ್ಲಿ. ನಾಣ್ಯ ಅಸಲಿಯೇ ಎಂದು ನೋಡಿ, 1ರಿಂದ 70ರವರೆಗಿನ ಅಂಕದಲ್ಲಿ ಒಂದನ್ನು ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಟುಮುಚ್ಚಿ ಕೊಡುತ್ತಾರೆ. ಆ ಡಬ್ಬಿಯೇ ಸ್ಲ್ಯಾಬ್. ಒಳಗೆ ಒಂದು ಲೇಬಲ್, ಅದರ ಮೇಲೆ ಗ್ರೇಡ್ ಮತ್ತು ನಂಬರ್. ಆ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಕೊಳ್ಳುವಾಗ ನನಗೆ ಇದರಿಂದ ನಿಜವಾಗಿಯೂ ಧೈರ್ಯ ಬಂತು. ಸ್ಲ್ಯಾಬ್ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ನಾಲ್ಕೂ ಕೈಗೆ ಬಂದ ಮೇಲೆ ಸಾಲು ಸೇರಲೇ ಇಲ್ಲ. ಎಂಟು ನಾಣ್ಯ ಆಲ್ಬಮ್‌ನಲ್ಲಿ, ನಾಲ್ಕು ಡಬ್ಬಿಯಲ್ಲಿ. 1911ರದ್ದನ್ನು 1912ರ ಪಕ್ಕ ಇಟ್ಟು ನೋಡಲು ಆಗುತ್ತಿರಲಿಲ್ಲ. ಈ ಎರಡನ್ನು ಪಕ್ಕಪಕ್ಕ ನೋಡಲೇಬೇಕು ಸ್ವಾಮಿ! 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಪದಕದ ಸರ ಇದೆ. ಅದರಲ್ಲಿ ಪುಟ್ಟ ಆನೆ. ಸೊಂಡಿಲು ಎಷ್ಟು ಗಿಡ್ಡ ಎಂದರೆ ಜನಕ್ಕೆ ಅದು ಹಂದಿಯ ಹಾಗೆ ಕಂಡಿತು. ದೊಡ್ಡ ಗಲಾಟೆ ಆಯಿತು. ಹಂಚುವುದನ್ನು ನಿಲ್ಲಿಸಿ ಬಹುಪಾಲು ನಾಣ್ಯಗಳನ್ನು ಕರಗಿಸಿದರು. 1912ರಲ್ಲಿ ಆನೆಯನ್ನು ತಿದ್ದಿ ಬರೆದರು. ಎರಡನ್ನೂ ಒಂದೇ ಪುಟದಲ್ಲಿ, ಒಂದೇ ಬೆಳಕಿನಲ್ಲಿ, ಲೂಪ್ ಹಿಡಿದು ನೋಡಿದರೆ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ. ಸ್ಲ್ಯಾಬ್‌ನ ದಪ್ಪ ಪ್ಲಾಸ್ಟಿಕ್ಕಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಆನೆ ಎಲ್ಲಿದೆ ಎಂದೇ ಕಾಣುವುದಿಲ್ಲ.

ಇನ್ನೊಂದು ವಿಷಯ ಅಂಚು. ಅಪ್ಪ ನನಗೆ ಮೊದಲು ಕಲಿಸಿದ್ದೇ ಅಂಚನ್ನು ಬೆರಳಲ್ಲಿ ಸವರಿ ನೋಡುವುದನ್ನು. ಗೀರು ಸಮನಾಗಿದೆಯಾ, ಎಲ್ಲಾದರೂ ಬೆಸುಗೆ ಹಾಕಿದ ಗುರುತು ಇದೆಯಾ ಅಂತ. ನಮ್ಮ ಕಡೆ ಬೆಳ್ಳಿ ರೂಪಾಯಿಗೆ ಕೊಂಡಿ ಹಾಕಿಸಿ ಸರ ಮಾಡಿಸಿಕೊಳ್ಳುತ್ತಿದ್ದರಲ್ಲ, ಹಾಗಾಗಿ ಅಂಚಿನಲ್ಲಿ ಗಾಯ ಇರುವ ರೂಪಾಯಿ ಜಾಸ್ತಿ. ಸ್ಲ್ಯಾಬ್‌ನಲ್ಲಿ ಅಂಚು ಸರಿಯಾಗಿ ಕಾಣುವುದಿಲ್ಲ, ಕೈಗಂತೂ ಸಿಗುವುದೇ ಇಲ್ಲ. ತೂಕ ಹಾಕಲೂ ಆಗುವುದಿಲ್ಲ.

ಸರಿ, ಒಡೆಯುವುದೆಂದು ತೀರ್ಮಾನ ಮಾಡಿದೆ. ಎಲ್ಲವನ್ನೂ ಅಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನೇರವಾಗಿ 1911ಕ್ಕೆ ಕೈ ಹಾಕಲಿಲ್ಲ. ಅಭ್ಯಾಸಕ್ಕೆಂದು ಕಡಿಮೆ ಬೆಲೆಯ ಇನ್ನೊಂದು ಸ್ಲ್ಯಾಬ್ ತರಿಸಿದೆ. ಆರನೇ ಜಾರ್ಜ್‌ನ 1945ರ ರೂಪಾಯಿ. ಇದನ್ನು ಮಾಡಿದ್ದು ಒಳ್ಳೆಯದಾಯಿತು, ಯಾಕೆಂದರೆ ಮೊದಲ ಸಲ ನಾನು ಸುತ್ತಿಗೆ ಹಿಡಿದೆ. ಬಟ್ಟೆ ಸುತ್ತಿ ಮೆಲ್ಲಗೆ ನಾಲ್ಕು ಏಟು ಕೊಟ್ಟೆ, ಏನೂ ಆಗಲಿಲ್ಲ. ಐದನೇ ಏಟಿಗೆ ಡಬ್ಬಿ ಮೂರು ತುಂಡಾಯಿತು. ನಾಣ್ಯ ಬಟ್ಟೆಯಿಂದ ಹಾರಿ ಕೆಂಪು ನೆಲದ ಮೇಲೆ ಬಿದ್ದು ಉರುಳಿಕೊಂಡು ಹೋಗಿ ಬೀರುವಿನ ಕಾಲಿಗೆ ಬಡಿಯಿತು. ಅಂಚಿನಲ್ಲಿ ಒಂದು ಸಣ್ಣ ತಗ್ಗು. ಎಂಬತ್ತು ವರ್ಷ ಏನೂ ಆಗದೆ ಉಳಿದಿದ್ದ ನಾಣ್ಯಕ್ಕೆ ನನ್ನ ಕೈಯಿಂದ ಪೆಟ್ಟಾಯಿತು. ಆ ರಾತ್ರಿ ನನಗೆ ತುಂಬಾ ಬೇಜಾರಾಗಿತ್ತು.

ಆದರೆ ಅದೇ ನಾಣ್ಯವನ್ನು ಕೈಯಲ್ಲಿ ಹಿಡಿದಾಗ ಅಂಚಿನ ನಡುವೆ ಓಡುವ ಗೆರೆಯನ್ನು ಮೊದಲ ಬಾರಿ ನೋಡಿದೆ. 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಖೋಟಾ ಹಾವಳಿ ತಡೆಯಲು ಅಂಚಿಗೆ ಈ ಭದ್ರತೆಯ ಗೀರನ್ನು ತಂದರು. ಓದಿ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ.

ಮರುದಿನ ಮಂಡಿಪೇಟೆಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವರಿಗೆ ಸ್ಲ್ಯಾಬ್‌ನ ಚೂರು ತೋರಿಸಿ, ಇದನ್ನು ಅಂಚಿನಿಂದ ಕಚ್ಚಿ ಮುರಿಯಬೇಕು, ಏನು ಕೊಡುತ್ತೀರಿ ಎಂದು ಕೇಳಿದೆ. ಮೊದಲು ಕರೆಂಟ್ ಕೆಲಸದವರು ವೈರ್ ಕತ್ತರಿಸುವ ಸೈಡ್ ಕಟರ್ ಕೊಟ್ಟರು. ಚೂರಿನ ಮೇಲೆ ಅಲ್ಲೇ ನೋಡಿದೆ, ಬಾಯಿ ಸಾಲದು, ಜಾರುತ್ತದೆ. ಆಮೇಲೆ ಒಳಗಿನಿಂದ ಬಡಗಿಗಳು ಮೊಳೆ ಕೀಳುವ ಇಕ್ಕಳ ತಂದರು. ಎಂಟು ಇಂಚು, ದುಂಡು ತಲೆ, ಬಾಯಿ ಎದುರಿಗೆ ಅಡ್ಡಕ್ಕೆ ಇರುತ್ತದೆ. 340 ರೂಪಾಯಿ. ಕೊಂಡದ್ದು ಅದನ್ನೇ.

ಈ ಇಕ್ಕಳ ಯಾಕೆ ಸರಿ ಎಂದು ಹೇಳುತ್ತೇನೆ. ಸ್ಲ್ಯಾಬ್ ಎಂದರೆ ಎರಡು ಪ್ಲಾಸ್ಟಿಕ್ ಚಿಪ್ಪು. ಸುತ್ತಲೂ ಅಂಚಿನಲ್ಲಿ ಶಬ್ದದ ಕಂಪನದಿಂದ ಕರಗಿಸಿ ಬೆಸೆದಿರುತ್ತಾರೆ. ಮಧ್ಯದಲ್ಲಿ ಬೆಸುಗೆ ಇಲ್ಲ. ಹಾಗಾಗಿ ನಡುವೆ ಹೊಡೆಯುವುದರಲ್ಲಿ ಅರ್ಥವೇ ಇಲ್ಲ, ಅಂಚಿನ ಬೆಸುಗೆ ಬಿಟ್ಟರೆ ಸಾಕು. ಮೊಳೆ ಕೀಳುವ ಇಕ್ಕಳದ ಅಗಲ ಬಾಯಿ ಅಂಚನ್ನು ಮೇಲಿಂದ ಕೆಳಗಿಂದ ಒಟ್ಟಿಗೆ ಕಚ್ಚುತ್ತದೆ. ಲೇಬಲ್ ಇರುವ ಕಡೆಯ ಮೂಲೆಯಿಂದ ಶುರು ಮಾಡಬೇಕು. ಅಲ್ಲಿಂದ ನಾಣ್ಯ ದೂರ ಇರುತ್ತದೆ. ಒಂದು ಮೂಲೆಯನ್ನು ಕಚ್ಚಿ, ನಿಧಾನಕ್ಕೆ ಒತ್ತಬೇಕು. ‘ಟಕ್’ ಎನ್ನುತ್ತದೆ. ಮೂಲೆ ಮುರಿದು ಬರುತ್ತದೆ. ಇನ್ನೊಂದು ಮೂಲೆ. ಆಮೇಲೆ ಮೇಲಿನ ಅಂಚಿನ ಉದ್ದಕ್ಕೆ ಇನ್ನೆರಡು ಮೂರು ಕಡೆ ಕಚ್ಚಿದರೆ ಚಿಪ್ಪುಗಳ ನಡುವೆ ಬಿರುಕು ಬಿಡುತ್ತದೆ. ಬಿರುಕು ಕಂಡ ಕೂಡಲೇ ಇಕ್ಕಳ ಕೆಳಗಿಡಿ. ಅಲ್ಲಿಂದ ಮುಂದೆ ಎರಡು ಕೈಯ ಹೆಬ್ಬೆರಳೇ ಸಾಕು, ಕಡಲೇಕಾಯಿ ಬಿಡಿಸಿದ ಹಾಗೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುವ ಆಸೆ ಬರುತ್ತದೆ, ಬೇಡ. ಜಾರಿದರೆ ನೇರ ರಾಜನ ಮುಖಕ್ಕೇ ಹೋಗುತ್ತದೆ.

ಚೂರುಗಳು ಸಿಡಿಯುತ್ತವೆ. ಕಣ್ಣಿಗೆ ಕನ್ನಡಕ ಕಡ್ಡಾಯ. ನಾನು ಸ್ಕೂಲಿನ ಲ್ಯಾಬ್‌ನಲ್ಲಿ ಮಕ್ಕಳಿಗೆ ಹೇಳುವುದನ್ನು ಇಲ್ಲೂ ಹೇಳುತ್ತೇನೆ, ಇದರಲ್ಲಿ ರಾಜಿ ಇಲ್ಲ. ಸ್ಲ್ಯಾಬ್‌ನ ಕೆಳಭಾಗವನ್ನು, ಎಂದರೆ ನಾಣ್ಯ ಇರುವ ಭಾಗವನ್ನು, ಟವೆಲ್‌ನಲ್ಲಿ ಸುತ್ತಿ ಹಿಡಿದುಕೊಳ್ಳಿ. ಕೆಲಸ ಮಾಡುವುದು ಮಂಚದ ಮೇಲೆ, ನಾಲ್ಕು ಮಡಿಕೆ ಕಂಬಳಿ ಹಾಸಿ. ನಾಣ್ಯ ಬಿದ್ದರೂ ಮೆತ್ತಗೆ ಬೀಳಬೇಕು. 1945ರಿಂದ ಕಲಿತ ಪಾಠ ಇದು.

ಎರಡು ಕಂಪನಿಗಳ ಡಬ್ಬಿಯ ಒಳಗೆ ವ್ಯತ್ಯಾಸ ಇದೆ. ಪಿಸಿಜಿಎಸ್‌ನದರಲ್ಲಿ ನಾಣ್ಯದ ಸುತ್ತ ಪಾರದರ್ಶಕ ಮೆತ್ತನೆಯ ಉಂಗುರ ಇರುತ್ತದೆ. ಚಿಪ್ಪು ಬಿಟ್ಟ ಮೇಲೆ ನಾಣ್ಯ ಉಂಗುರದ ಸಮೇತ ಕೈಗೆ ಬರುತ್ತದೆ. ಉಂಗುರವನ್ನು ಸ್ವಲ್ಪ ಹಿಗ್ಗಿಸಿದರೆ ಅಂಗೈಗೆ ಇಳಿಯುತ್ತದೆ. 1915 ಹೀಗೆ ಬಂತು, ಹತ್ತು ನಿಮಿಷದ ಕೆಲಸ. ಎನ್‌ಜಿಸಿಯದರಲ್ಲಿ ಬಿಳಿ ಪ್ಲಾಸ್ಟಿಕ್ ಹಲಗೆಯ ತೂತಿನಲ್ಲಿ ನಾಣ್ಯವನ್ನು ಸಣ್ಣ ಹಲ್ಲುಗಳು ಹಿಡಿದಿರುತ್ತವೆ. ಅವು ಗಟ್ಟಿ. ಅಲ್ಲಿ ನಾಣ್ಯವನ್ನು ಒತ್ತಿ ತಳ್ಳಬೇಡಿ. ಬಿಳಿ ಹಲಗೆಯ ಮೇಲಂಚನ್ನು ಇಕ್ಕಳದಿಂದ ಕಚ್ಚಿ ಅದನ್ನೇ ಎರಡು ಹೋಳು ಮಾಡಿ, ನಾಣ್ಯ ತಾನೇ ಸಡಿಲ ಆಗುತ್ತದೆ. 1921ಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎದ್ದು ಹೋಗಿ ಕಾಫಿ ಕುಡಿದು ಬಂದೆ. ಆತುರ ಮಾಡದೆ ಇದ್ದದ್ದಕ್ಕೆ ಒಂದು ಗೀರೂ ಬೀಳಲಿಲ್ಲ.

ಬೇರೆ ಉಪಾಯಗಳನ್ನೂ ಖಾಲಿ ಚೂರುಗಳ ಮೇಲೆ ನೋಡಿದೆ. ಹ್ಯಾಕ್ಸಾ ಬ್ಲೇಡ್ ಬೇಡ. ಪ್ಲಾಸ್ಟಿಕ್ ಪುಡಿ ಒಳಗೆಲ್ಲಾ ತುಂಬುತ್ತದೆ. ಬೆಂಚ್ ವೈಸ್‌ನಲ್ಲಿ ಅಂಚು ಹಿಡಿಸಿ ತಿರುಗಿಸಿದರೆ ಬೆಸುಗೆ ಬಿಡುತ್ತದೆ, ಆದರೆ ಪಟಾಕಿ ಹಾಗೆ ಒಡೆಯುತ್ತದೆ. ಫ್ರೀಜರ್‌ನಲ್ಲಿಟ್ಟು ಒಡೆಯಿರಿ ಎಂದು ಒಬ್ಬರು ಹೇಳಿದರು. ತಣ್ಣಗಿನ ಬೆಳ್ಳಿಯನ್ನು ಹೊರಗೆ ತಂದರೆ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ನಾನು ಮಾಡಲಿಲ್ಲ.

ಹೊರಗೆ ಬಂದ ನಾಣ್ಯವನ್ನು ಒರೆಸಬೇಡಿ. ಎಷ್ಟೇ ಮೆತ್ತನೆ ಬಟ್ಟೆ ಆದರೂ ಬೇಡ. ಅದರ ಮೇಲೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರು ಇರುತ್ತದೆ, ಒರೆಸಿದರೆ ಅದೇ ಉಪ್ಪುಕಾಗದ. ಅಪ್ಪನ ಪೆಟ್ಟಿಗೆಯಲ್ಲಿ ಗಡಿಯಾರದ ಧೂಳು ಊದುವ ರಬ್ಬರ್ ಬುಡ್ಡೆ ಇತ್ತು. ಅದರಿಂದ ಎರಡೂ ಕಡೆ ಊದಿದೆ. ಕೈ ಸೋಪು ಹಾಕಿ ತೊಳೆದು ಚೆನ್ನಾಗಿ ಒಣಗಿಸಿಕೊಂಡು, ಅಂಚು ಮಾತ್ರ ಹಿಡಿದೆ. ತೂಕ ಹಾಕಿದೆ. 1921ರದ್ದು 11.64 ಗ್ರಾಂ. ಹೊಸದರ ತೂಕ 11.66, ಎಂದರೆ ಒಂದು ತೊಲ. ಹಿಂಬದಿಯಲ್ಲಿ ಕೆಳಗಿನ ತಾವರೆಯ ಕೆಳಗೆ ಬೊಂಬಾಯಿ ಟಂಕಸಾಲೆಯ ಚುಕ್ಕಿ ಲೂಪಿನಲ್ಲಿ ಸ್ಪಷ್ಟವಾಗಿ ಕಂಡಿತು. ಅಂಚು ಸವರಿದೆ. ಎಲ್ಲಾ ಸರಿ ಇತ್ತು. ಅಪ್ಪ ಇದ್ದಿದ್ದರೆ ಆಗ ಒಂದು ಸಲ ತಲೆ ಆಡಿಸುತ್ತಿದ್ದರು, ಅಷ್ಟೇ. ನನಗೆ ಅದು ಸಾಕಾಗಿತ್ತು.

1911ರ ಕಥೆ ಬೇರೆ. ಅದರ ಲೇಬಲ್‌ನಲ್ಲಿ ನಂಬರ್ ಗ್ರೇಡ್ ಇರಲಿಲ್ಲ. ‘ಡೀಟೇಲ್ಸ್, ಕ್ಲೀನ್ಡ್’ ಎಂದಿತ್ತು. ಎಂದರೆ ನಾಣ್ಯ ಅಸಲಿ, ಆದರೆ ಯಾರೋ ಯಾವಾಗಲೋ ಉಜ್ಜಿ ತೊಳೆದಿದ್ದಾರೆ. ನಮ್ಮ ಮನೆಗಳಲ್ಲಿ ಲಕ್ಷ್ಮೀ ಪೂಜೆಗೆ ಇಡುವ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜುವುದು ಎಲ್ಲರಿಗೂ ಗೊತ್ತಲ್ವಾ. ಹಾಗೆ ಉಜ್ಜಿದ್ದಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ಅದರಿಂದಲೇ ನನಗೆ ಅದು ಕೈಗೆಟುಕುವ ಬೆಲೆಗೆ ಸಿಕ್ಕಿತು. ಒಡೆಯಲು ಇಂಥ ನಾಣ್ಯವೇ ಅತಿ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಸಲಿ ಎಂಬುದು ಖಚಿತವಾಗಿದೆ, ಡಬ್ಬಿ ಹೋದರೆ ಕಳೆದುಕೊಳ್ಳುವುದು ಜಾಸ್ತಿ ಇಲ್ಲ. ಆಲ್ಬಮ್‌ನಲ್ಲಿ ಅದು ‘ಕ್ಲೀನ್ಡ್’ ಅಲ್ಲ, 1911 ಅಷ್ಟೇ.

ಅದೇ ಲೆಕ್ಕದಲ್ಲಿ 1922ನ್ನು ಒಡೆದಿಲ್ಲ. ಅದಕ್ಕೆ ಎಂಎಸ್ 62 (ಮಿಂಟ್ ಸ್ಟೇಟ್, ಎಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ) ಗ್ರೇಡ್ ಇದೆ, ಕೊಟ್ಟ ದುಡ್ಡೂ ಜಾಸ್ತಿ. ಡಬ್ಬಿ ಒಡೆದ ಕ್ಷಣ ಕಂಪನಿಯ ಗ್ಯಾರಂಟಿ ಮುಗಿಯುತ್ತದೆ. ಮತ್ತೆ ಗ್ರೇಡ್ ಮಾಡಿಸುತ್ತೇನೆ ಎಂದರೆ ಅದೇ ಅಂಕ ಬರುತ್ತದೆ ಎಂದು ಇಲ್ಲ. 100 ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ಅದನ್ನು ಸುಮ್ನೆ ಕೊರಿಯರ್ ಹಾಕಿ ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ನಾಳೆ ಮಗಳಿಗೆ ಕಷ್ಟ ಬಂದು ಮಾರಬೇಕಾದರೆ ಆ ಲೇಬಲ್ ಅವಳ ಕೈ ಹಿಡಿಯುತ್ತದೆ. ಆದ್ದರಿಂದ ಒಡೆಯುವ ಮೊದಲು ಪ್ರತಿಯೊಂದಕ್ಕೂ ಕೇಳಿಕೊಳ್ಳಿ, ಇದನ್ನು ಮಾರುತ್ತೇನಾ, ಇಟ್ಟುಕೊಳ್ಳುತ್ತೇನಾ ಅಂತ.

ಒಡೆಯುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ, ಲೇಬಲ್‌ನ ನಂಬರ್ ಕಾಣುವ ಹಾಗೆ. ಲೇಬಲ್‌ಗಳನ್ನು ನಾನು ಆಲ್ಬಮ್‌ನ ಹಿಂದಿನ ಜೇಬಿನಲ್ಲಿಟ್ಟಿದ್ದೇನೆ. ನಾಣ್ಯ ಡಬ್ಬಿಯಿಂದ ಹೊರಬಂತು ಎಂದು ಕಂಪನಿಗೆ ತಿಳಿಸಿದರೆ ಅವರ ಲೆಕ್ಕದಿಂದ ಆ ನಂಬರನ್ನು ತೆಗೆಯುತ್ತಾರೆ. ಎಷ್ಟು ನಾಣ್ಯ ಯಾವ ಗ್ರೇಡಿನಲ್ಲಿ ಉಳಿದಿವೆ ಎಂಬ ಲೆಕ್ಕ ಸರಿ ಇರಲಿ ಎಂದು. ಮುಖ್ಯವಾಗಿ, ಮುರಿದ ಚಿಪ್ಪನ್ನು ಇಡಿಯಾಗಿ ಕಸಕ್ಕೆ ಹಾಕಬೇಡಿ. ಯಾರ ಕೈಗಾದರೂ ಸಿಕ್ಕಿ ಅದರಲ್ಲಿ ನಕಲಿ ನಾಣ್ಯ ಇಟ್ಟು ಅಂಟಿಸಿದರೆ ನಮ್ಮಂಥ ಇನ್ನೊಬ್ಬರು ಮೋಸ ಹೋಗುತ್ತಾರೆ. ನಾನು ಇಕ್ಕಳದಲ್ಲೇ ಪುಡಿ ಮಾಡಿ ಹಾಕಿದೆ.

ಈಗ ಆಲ್ಬಮ್.

ಅಪ್ಪನ ಹಳೆಯ ಆಲ್ಬಮ್‌ಗೇ ಯಾಕೆ ಹಾಕಲಿಲ್ಲ ಎಂದರೆ, ಅದನ್ನು ತೆರೆದಾಗ ಹೊಸ ಶವರ್ ಕರ್ಟನ್ ವಾಸನೆ ಬರುತ್ತಿತ್ತು. ಪಿವಿಸಿ ಜೇಬುಗಳು. ಆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಹಾಕಿದ ಎಣ್ಣೆಯಂಥ ಪದಾರ್ಥ ವರ್ಷಗಳ ಮೇಲೆ ಒಸರುತ್ತದೆ. ಪಿವಿಸಿಯೇ ಕೆಟ್ಟು ಆಮ್ಲ ಬಿಡುತ್ತದೆ. ಈ ರೂಪಾಯಿಯಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ, ಉಳಿದ ಒಂದು ಪಾಲು ಮುಖ್ಯವಾಗಿ ತಾಮ್ರ. ಆಮ್ಲ ತಾಮ್ರವನ್ನು ಹಿಡಿದು ಹಸಿರು ಅಂಟು ಮಾಡುತ್ತದೆ. ಅಪ್ಪನ ಎಂಟರಲ್ಲಿ ಮೂರಕ್ಕೆ ಹಸಿರು ಹತ್ತಿತ್ತು. ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಲ್ಲಿ ಮುಳುಗಿಸಿ, ತೆಗೆದು, ಮತ್ತೆ ಹೊಸದರಲ್ಲಿ ಮುಳುಗಿಸಿ ಅಂಟನ್ನು ಬಿಡಿಸಿದೆ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುವಾಸನೆ, ಎಣ್ಣೆ ಏನೇನೋ ಇರುತ್ತದೆ. ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಒಲೆ, ದೀಪ ಇರಬಾರದು. ಒಂದರ ಮೇಲೆ ಹಸಿರು ಆಗಲೇ ಬೆಳ್ಳಿಯನ್ನು ಕೊರೆದಿತ್ತು, ಆ ಕಲೆ ಹಾಗೇ ಉಳಿದಿದೆ.

ಹೊಸ ಆಲ್ಬಮ್ ಆನ್‌ಲೈನಿನಲ್ಲಿ ಹುಡುಕಿದೆ. ಒಂದು ತರಿಸಿದೆ, ಅದೂ ಅದೇ ವಾಸನೆ, ವಾಪಸ್ ಕಳಿಸಿದೆ. ಅಮೆರಿಕದಲ್ಲಿ ಹಲಗೆ ಪುಟದಲ್ಲಿ ತೂತು ಕೊರೆದು ಎರಡೂ ಕಡೆ ಪಾರದರ್ಶಕ ಪಟ್ಟಿ ಜಾರಿಸುವ ಆಲ್ಬಮ್‌ಗಳಿವೆ. ನಮ್ಮ ರೂಪಾಯಿಯ ಸಾಲಿಗೆ ಅಂಥದ್ದು ಸಿಗಲಿಲ್ಲ. ಹಾಗಾದರೆ ಮಾಡಿಸಿಬಿಡೋಣ ಎನಿಸಿತು.

ಚಿಕ್ಕಪೇಟೆಯ ಒಂದು ಓಣಿಯಲ್ಲಿ ಮಂಡಿ ವರ್ತಕರ ಖಾತೆ ಪುಸ್ತಕ ಕಟ್ಟುವ ಒಬ್ಬ ಹಿರಿಯರಿದ್ದಾರೆ. ಅಂಗಡಿಗೆ ಬೋರ್ಡ್ ಇಲ್ಲ. ನಮ್ಮ ಸ್ಕೂಲಿನ ಹಾಜರಿ ಪುಸ್ತಕವೂ ಅವರದೇ ಹೊಲಿಗೆ. ಹೋಗಿ ಒಂದು ರೂಪಾಯಿ ತೋರಿಸಿ ವಿಷಯ ಹೇಳಿದೆ. ಅವರು ನಾಣ್ಯವನ್ನು ಮುಟ್ಟಲಿಲ್ಲ, ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದರು. ‘ಎರಡೂ ಮಗ್ಗಲು ಕಾಣಬೇಕು, ತೆಗೆದು ಹಾಕೋಕೂ ಬರಬೇಕು, ಅಲ್ವಾಮ್ಮ?’ ಎಂದರು. ನನಗೆ ಬೇಕಿದ್ದದ್ದನ್ನು ನಾನು ಹೇಳುವ ಮೊದಲೇ ಹೇಳಿದರು.

ಸಾಮಾನು ನಾನೇ ತಂದುಕೊಟ್ಟೆ. ಬೆಂಗಳೂರಿನಿಂದ ಆಮ್ಲವಿಲ್ಲದ ಮೌಂಟ್ ಬೋರ್ಡ್ ಮತ್ತು ಪಾಲಿಯೆಸ್ಟರ್ ಹಾಳೆ. ಮಾಮೂಲಿ ರಟ್ಟು ಬೇಡ ಎಂದೆ, ಯಾಕೆಂದರೆ ಅಗ್ಗದ ರಟ್ಟಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಅಂಟಿನ ವಿಷಯಕ್ಕೆ ಸ್ವಲ್ಪ ಚರ್ಚೆ ಆಯಿತು. ಅವರದು ಮೈದಾ ಅಂಟು, ಹುಳ ಹಿಡಿಯದಿರಲಿ ಎಂದು ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಪುಸ್ತಕಕ್ಕೆ ಅದು ಒಳ್ಳೆಯದೇ. ಬೆಳ್ಳಿಯ ಪಕ್ಕ ನನಗೆ ಬೇಡವಾಗಿತ್ತು. ಕಾರಣ ಹೇಳಿದ ಮೇಲೆ ಒಪ್ಪಿದರು. ನಾಣ್ಯದ ಪುಟಗಳಿಗೆ ಅಂಟೇ ಇಲ್ಲ, ಪದರಗಳನ್ನು ಅಂಚಿನಲ್ಲಿ ದಾರದಿಂದ ಹೊಲಿದಿದ್ದಾರೆ. ಅಂಟು ಇರುವುದು ಹೊರಗಿನ ರಟ್ಟಿಗೆ ಕ್ಯಾಲಿಕೊ ಬಟ್ಟೆ ಹಚ್ಚಿದ ಕಡೆ ಮಾತ್ರ.

ತೂತು ಕೊರೆಯುವುದು ನಿಜವಾದ ತಲೆನೋವು. ಅಪ್ಪನ ವರ್ನಿಯರ್‌ನಲ್ಲಿ ಅಳೆದರೆ ರೂಪಾಯಿಯ ಅಡ್ಡಗಲ 30.5 ಮಿ.ಮೀ. ಆಸುಪಾಸು. ಅಂಗಡಿಯಲ್ಲಿ ಸಿಗುವ ಗ್ಯಾಸ್ಕೆಟ್ ಪಂಚ್ 30 ಅಥವಾ 32. 30ಕ್ಕೆ ಹೋಗುವುದಿಲ್ಲ, 32ರಲ್ಲಿ ಅಲ್ಲಾಡುತ್ತದೆ. ಕೊನೆಗೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಶೆಡ್‌ನಲ್ಲಿ 31ರ ಪಂಚ್ ಮಾಡಿಸಿದೆ, 450 ರೂಪಾಯಿ. ಅದರಲ್ಲಿ ಕೊರೆದ ತೂತು ನೋಡಬೇಕು ನೀವು! ಅಂಚು ಚೂರೂ ಸಿಬಿರು ಇಲ್ಲ. ನಾಣ್ಯ ಇಟ್ಟರೆ ಸದ್ದಿಲ್ಲದೆ ಕೂರುತ್ತದೆ.

ನಾನು ಅಂಕ ಕಳೆದದ್ದು ಇಲ್ಲಿ. ಮೊದಲ ಪುಟದಲ್ಲಿ ಬೋರ್ಡಿನ ದಪ್ಪ ಸಾಲಲಿಲ್ಲ. ಪಾಲಿಯೆಸ್ಟರ್ ಪಟ್ಟಿಯನ್ನು ಜಾರಿಸಿದಾಗ ಅದು ನಾಣ್ಯದ ಎತ್ತರದ ಜಾಗಕ್ಕೆ, ಎಂದರೆ ರಾಜನ ಕೆನ್ನೆಗೆ, ಉಜ್ಜುತ್ತಿತ್ತು. ಜಾರುವ ಪಟ್ಟಿಯ ಆಲ್ಬಮ್‌ಗಳಲ್ಲಿ ಈ ದೋಷ ಸಾಮಾನ್ಯ, ಕೆನ್ನೆಯ ಮೇಲೆ ಕೂದಲೆಳೆಯಂಥ ಸಮಾನಾಂತರ ಗೀರುಗಳು ಬೀಳುತ್ತವೆ. ನಾನು 1945ನ್ನು ಹಾಕಿ ನೋಡಿದ್ದರಿಂದ ಬೇರೆಯವು ಉಳಿದವು. ಹೇಳಿದ ಮೇಲೆ ಇನ್ನೊಂದು ತೆಳು ಪದರ ಸೇರಿಸಿ ಒಟ್ಟು ಮೂರು ಮಿ.ಮೀ.ಗೂ ಸ್ವಲ್ಪ ಜಾಸ್ತಿ ಮಾಡಿಕೊಟ್ಟರು. ಈಗ ಪಟ್ಟಿಗೂ ಕೆನ್ನೆಗೂ ನಡುವೆ ಸಂದು ಇದೆ. ಆದರೂ ನಾಣ್ಯ ಹಾಕುವಾಗ ತೆಗೆಯುವಾಗ ಪುಟವನ್ನು ಮಲಗಿಸಿಯೇ ಪಟ್ಟಿ ಎಳೆಯುತ್ತೇನೆ. ಕಾಯಿಸಿದ್ದು ಇನ್ನೊಂದು ದೂರು. ಹದಿನೈದು ದಿನ ಎಂದವರು ಏಳು ವಾರ ಮಾಡಿದರು, ಮಾರ್ಚ್ ತಿಂಗಳ ಖಾತೆ ಪುಸ್ತಕದ ಕೆಲಸ ಬಿದ್ದಿತ್ತು. ನೀವು ಹೋಗುವುದಾದರೆ ಮಳೆಗಾಲದಲ್ಲಿ ಹೋಗಿ.

ಎರಡು ಪುಟ, ಹೊರರಟ್ಟು, ಹಿಂದೊಂದು ಜೇಬು, ಎಲ್ಲಾ ಸೇರಿ ಕೂಲಿ 850 ರೂಪಾಯಿ ತೆಗೆದುಕೊಂಡರು. ಪಂಚನ್ನು ಅವರ ಹತ್ತಿರವೇ ಬಿಟ್ಟಿದ್ದೇನೆ. ಬೆಳ್ಳಿ ರೂಪಾಯಿ ಅಳತೆಯ ಆಲ್ಬಮ್ ಬೇಕಾದವರಿಗೆ ಅದು ಸಿಗಲಿ.

ಆರು ತಿಂಗಳಾಯಿತು. ಒಂದು ಮಳೆಗಾಲ ದಾಟಿದೆ. ಆಲ್ಬಮ್ ಇರುವ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಬಣ್ಣ ಬದಲಾಗಿಲ್ಲ, ಹಸಿರಿಲ್ಲ, ವಾಸನೆ ಇಲ್ಲ. ಹೊಲಿಗೆ ಬಿಗಿಯಾಗಿದೆ. ಮೂರು ಸಾಲು, ಸಾಲಿಗೆ ನಾಲ್ಕು. ಮೇಲಿನ ಎಡ ಮೂಲೆಯಲ್ಲಿ 1911, ಅದರ ಪಕ್ಕ 1912. ಹತ್ತನೇ ತರಗತಿಯಲ್ಲಿರುವ ಮಗಳು ಲೂಪ್ ಹಾಕಿಕೊಂಡು ನೋಡಿ ‘ಅಮ್ಮಾ, ಇದು ಹಂದಿನೇ’ ಎಂದಳು. ಆಮೇಲೆ ಪಕ್ಕದ್ದನ್ನು ನೋಡಿ ‘ಇದಕ್ಕೆ ಸೊಂಡಿಲು ಬಂತು’ ಎಂದಳು. ಅದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಕೊನೆಯ ಖಾನೆಯಲ್ಲಿ ಸದ್ಯಕ್ಕೆ ಅಪ್ಪ ಕತ್ತರಿಸಿದ್ದ ರಟ್ಟಿನ ಬಿಲ್ಲೆಯ ಅಳತೆಗೇ ಮೌಂಟ್ ಬೋರ್ಡ್ ಕತ್ತರಿಸಿ ಇಟ್ಟಿದ್ದೇನೆ. ಮೇಲೆ ಪೆನ್ಸಿಲ್‌ನಲ್ಲಿ 1922 ಎಂದು ಬರೆದಿದೆ. ಸ್ಲ್ಯಾಬ್ ಬ್ಯಾಂಕಿನ ಲಾಕರ್‌ನಲ್ಲಿದೆ. ಸುಮಾರು ದರ್ಜೆಯ, ಗ್ರೇಡ್ ಇಲ್ಲದಿದ್ದರೂ ನಂಬಬಹುದಾದ ಇನ್ನೊಂದು 1922 ಸಿಕ್ಕರೆ ಅದು ಅಲ್ಲಿಗೆ ಬರುತ್ತದೆ. ಎರಡನೇ ಪುಟಕ್ಕೆ ಆರನೇ ಜಾರ್ಜ್‌ನ ಸಾಲು ಶುರು ಮಾಡಿದ್ದೇನೆ. ಅದರಲ್ಲಿ ಮೊದಲು ಕೂತದ್ದು ಅಂಚಿನಲ್ಲಿ ತಗ್ಗು ಬಿದ್ದ 1945.